ಒಂದು ಸುತ್ತಿಗೆ ಒಂದು ಹೆಜ್ಜೆ



ಈ ಮಾತಿಗೆ ನನಗೆ ಸಿಕ್ಕಿರುವ ಹೊತ್ತು ಸುಮಾರು ಇಪ್ಪತ್ತು ನಿಮಿಷ. ಹಳೆಯ ಎಲ್‌ಪಿ ತಟ್ಟೆಯ ಒಂದು ಮಗ್ಗುಲು ಓಡಿ ಮುಗಿಯುವುದಕ್ಕೂ ಹೆಚ್ಚುಕಡಿಮೆ ಇಷ್ಟೇ ಹೊತ್ತು ಬೇಕು. ಮೂರು ನಿಮಿಷಕ್ಕೆ ನೂರು ಸುತ್ತಿನಂತೆ ತಿರುಗುವ ತಟ್ಟೆ ಅದು. ಇಪ್ಪತ್ತು ನಿಮಿಷಕ್ಕೆ 666 ಸುತ್ತು ದಾಟುತ್ತದೆ. ಆಮೇಲೆ ಯಾರಾದರೂ ಎದ್ದು ಹೋಗಿ ಮಗ್ಗುಲು ಬದಲಿಸಬೇಕು. ಹನ್ನೆರಡು ವರ್ಷಗಳಿಂದ ನನ್ನ ದಿನ ನಡೆಯುತ್ತಿರುವುದು ಈ ಅಳತೆಯಲ್ಲೇ. ನನ್ನ ಕಸುಬು ಪರ್ಫಾರ್ಮೆನ್ಸ್ ಆರ್ಟ್. ನನ್ನ ಹುಚ್ಚು 1966ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಬಂದ ಸೈಕೆಡೆಲಿಕ್ ಸಂಗೀತದ ರೆಕಾರ್ಡುಗಳು. ಎರಡೂ ನನ್ನ ಮನೆಯ ಒಂದೇ ಕೋಣೆಯಲ್ಲಿ ಸಂಸಾರ ಹೂಡಿವೆ.

ಮನೆ ಅಂದರೆ ಬೆಂಗಳೂರಿನ ಹನುಮಂತನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ನೀರು ಬಿಡುವ ದಿನ ಐದಕ್ಕೆ ಏಳುತ್ತೇನೆ, ಬಿಡದ ದಿನ ಐದೂವರೆಗೆ. ಡ್ರಮ್ಮು ತುಂಬಿಸಿ, ಮೆಟ್ಟಿಲು ಗುಡಿಸಿ, ಒಂದು ಲೋಟ ಕಾಫಿ ಕುಡಿದು ತಟ್ಟೆ ಹಾಕುತ್ತೇನೆ. ಕೆಳಗಡೆ ಓನರಮ್ಮನವರು ವಿಷ್ಣು ಸಹಸ್ರನಾಮ ಕೇಳುವ ಹೊತ್ತದು. ಹಾಗಾಗಿ ನನ್ನ ಸದ್ದು ಕೋಣೆಯ ಬಾಗಿಲು ದಾಟದ ಹಾಗೆ ನೋಡಿಕೊಳ್ಳುತ್ತೇನೆ. ಬರಿಗಾಲಲ್ಲಿ ಕೆಂಪು ನೆಲದ ಮೇಲೆ ನಿಂತು, ಬಲಗೈಯನ್ನು ತೊಡೆಯ ಪಕ್ಕದಿಂದ ನೆತ್ತಿಯ ಮೇಲಕ್ಕೆ ಎತ್ತುವುದು ನನ್ನ ಸಾಧನೆ. ಇಡೀ ಮಗ್ಗುಲು ಮುಗಿಯುವ ತನಕ ಕೈ ಏರುತ್ತಲೇ ಇರಬೇಕು. ಎಲ್ಲೂ ನಿಲ್ಲಬಾರದು, ಎಲ್ಲೂ ಓಡಬಾರದು. ಮೊದಲ ಐದು ನಿಮಿಷ ಏನೂ ಅನ್ನಿಸುವುದಿಲ್ಲ. ಎಂಟನೆಯ ನಿಮಿಷದ ಹೊತ್ತಿಗೆ ಭುಜದ ಹಿಂದೆ ಕೆಂಡ ಇಟ್ಟ ಹಾಗಾಗುತ್ತದೆ. ಹದಿಮೂರಕ್ಕೆ ಬೆರಳ ತುದಿ ನಡುಗಲು ಶುರು. ಹದಿನಾರು ದಾಟಿದ ಮೇಲೆ ಕೈ ನನ್ನದಲ್ಲ ಅನ್ನಿಸಿ, ಅದರ ಭಾರ ಎಲ್ಲೋ ಕರಗಿ, ಹಾಡು ಮಾತ್ರ ಉಳಿಯುತ್ತದೆ. ಆ ಕೊನೆಯ ನಾಲ್ಕು ನಿಮಿಷಕ್ಕಾಗಿ ನಾನು ಮೊದಲ ಹದಿನಾರು ನಿಮಿಷವನ್ನು ದಿನಾ ಕೊಡುತ್ತೇನೆ.

ಪರ್ಫಾರ್ಮೆನ್ಸ್ ಆರ್ಟ್ ಅಂದರೆ ನಾಟಕವಾ ಅಂತ ಎಲ್ಲರೂ ಕೇಳುತ್ತಾರೆ. ನಾಟಕದಲ್ಲಿ ಪಾತ್ರ ಇರುತ್ತದೆ, ನಟ ಇನ್ನೊಬ್ಬನಾಗುತ್ತಾನೆ. ಇಲ್ಲಿ ನಾನು ಯಾರೂ ಆಗುವುದಿಲ್ಲ. ನನ್ನ ಮೈ, ನನ್ನ ಹೊತ್ತು, ಒಂದು ಕೆಲಸ, ಅದನ್ನು ಎದುರಿಗೆ ಕೂತು ನೋಡುವ ಜನ, ಇಷ್ಟೇ ಸಾಮಾನು. 1964ರಲ್ಲಿ ಜಪಾನಿನ ಕ್ಯೋಟೋದಲ್ಲಿ ಕಲಾವಿದೆ ಯೋಕೊ ಓನೊ ವೇದಿಕೆಯ ಮೇಲೆ ಸುಮ್ಮನೆ ಕೂತು, ಮುಂದೆ ಒಂದು ಕತ್ತರಿ ಇಟ್ಟುಕೊಂಡು, ನೋಡಲು ಬಂದವರನ್ನೇ ಒಬ್ಬೊಬ್ಬರಾಗಿ ಕರೆದು ತನ್ನ ಬಟ್ಟೆ ಕತ್ತರಿಸಲು ಬಿಟ್ಟರು. ಕತ್ತರಿ ಹಿಡಿದವರ ಕೈ ಹೇಗೆ ನಡೆಯಿತು ಅನ್ನುವುದೇ ಆ ಕೃತಿ. ಅದರ ಬಗ್ಗೆ ದಾವಣಗೆರೆಯಲ್ಲಿ ಚಿತ್ರಕಲೆ ಓದುವಾಗ ಮೊದಲ ಸಲ ಓದಿದೆ. ಓದಿದ ರಾತ್ರಿ ನೆನಪಾದದ್ದು ಮಾತ್ರ ನಮ್ಮೂರಿನ ಬೀದಿ.

ಚಿತ್ರದುರ್ಗ ಸೀಮೆಯ ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಹಗಲುವೇಷದವರು ಬರುತ್ತಿದ್ದರು. ದಿನಕ್ಕೊಂದು ವೇಷ ಹಾಕಿ ಮನೆಮನೆಗೆ ಬಂದು, ಕೊನೆಯ ದಿನ ಮೊರದ ತುಂಬ ಕಾಳು ಈಸಿಕೊಂಡು ಹೋಗುತ್ತಿದ್ದರು. ದುರುಗಮುರುಗಿಯವರೂ ಬರುತ್ತಿದ್ದರು. ಹೆಣ್ಣುಮಗಳು ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊತ್ತು ಉರುಮೆ ಉಜ್ಜಿ ಗುಬುರು ಗುಬುರು ಎನ್ನಿಸಿದರೆ, ಗಂಡಸು ಚಾಟಿ ಬೀಸಿ ತನ್ನ ಬೆನ್ನಿಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಚಾಟಿಯ ಸದ್ದಿಗೆ ನಾನು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಸೆರಗಿನ ಸಂದಿಯಿಂದ ನೋಡುತ್ತಲೇ ಇರುತ್ತಿದ್ದೆ. ಹೆದರಿಕೆಯೂ ಬೇಕು, ನೋಟವೂ ಬೇಕು. ಯಾರೂ ಅದನ್ನು ಕಲೆ ಅಂದಿರಲಿಲ್ಲ. ಆದರೆ ಮೈಯನ್ನೇ ಮಾತಾಗಿಸಿ ನಿಂತ ಮನುಷ್ಯನನ್ನು ನಾನು ಕಂಡದ್ದು ಅಲ್ಲೇ ಮೊದಲು. ಕ್ಯೋಟೋ ಆಮೇಲಿನದು.

ಹೊಟ್ಟೆಪಾಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ವಾರಕ್ಕೆ ಮೂರು ದಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಬೇಸಿಗೆಯಲ್ಲಿ ಮಕ್ಕಳ ಶಿಬಿರ ನಡೆಸುತ್ತೇನೆ. ಹೋದ ವರ್ಷ ಆರು ಪ್ರದರ್ಶನ ಕೊಟ್ಟೆ, ಮೂರಕ್ಕೆ ಸಂಭಾವನೆ ಬಂತು. ಅದರಲ್ಲೊಂದು ಕೈಗೆ ಸೇರಲು ಎಂಟು ತಿಂಗಳು ಹಿಡಿಯಿತು. ಚಿತ್ರ ಬರೆದಿದ್ದರೆ ಗೋಡೆಗೆ ತೂಗುಹಾಕಿ ಮಾರಬಹುದಿತ್ತು. ನನ್ನ ಕೃತಿ ಮುಗಿದ ಮೇಲೆ ಉಳಿಯುವುದು ನೆಲದ ಮೇಲಿನ ಬೆವರಿನ ಕಲೆ ಮಾತ್ರ. ಅದನ್ನು ಒರೆಸಿ ಬರುವವಳೂ ನಾನೇ. ಇದು ಗೊಣಗಾಟವಲ್ಲ. ಈ ಕೆಲಸಕ್ಕೆ ಇಳಿಯಬೇಕೆನ್ನುವ ಹುಡುಗ ಹುಡುಗಿಯರು ಇದನ್ನು ತಿಳಿದೇ ಇಳಿಯಲಿ ಎಂದು ಹೇಳಿದೆ.

ಇನ್ನು ರೆಕಾರ್ಡುಗಳ ಕಥೆ. ಬೆಂಗಳೂರಿಗೆ ಬಂದ ಹೊಸದರಲ್ಲಿ, ಪ್ರದರ್ಶನಕ್ಕೆ ಬೇಕಾದ ಹಳೇ ಕಬ್ಬಿಣದ ಸಾಮಾನು ಹುಡುಕುತ್ತಾ ಸಂಡೇ ಬಜಾರಿಗೆ ಹೋಗುತ್ತಿದ್ದೆ. ಅಲ್ಲಿ ನೆಲದ ಮೇಲೆ ಟಾರ್ಪಾಲು ಹಾಸಿ, ನಲ್ಲಿ, ಬೀಗ, ಗಡಿಯಾರ, ಒಂಟಿ ಶೂಗಳ ನಡುವೆ ಒಂದು ಕಟ್ಟು ತಟ್ಟೆ ಇಟ್ಟಿದ್ದರು. ಮೇಲಿದ್ದದ್ದು ಸಿತಾರ್ ವಾದಕ ಆನಂದ ಶಂಕರ್ 1975ರಲ್ಲಿ ತಂದ ಎಲ್‌ಪಿ. ಹೊದಿಕೆಯ ಹಿಂದೆ ಯಾರೋ ನೀಲಿ ಶಾಯಿಯಲ್ಲಿ ಮದುವೆಯ ಹಾರೈಕೆ ಬರೆದಿದ್ದರು. ಬೂಷ್ಟು ಹಿಡಿದು ಬೂದಿ ಬಳಿದ ಹಾಗಿತ್ತು. ಐವತ್ತು ರೂಪಾಯಿಗೆ ತಂದೆ. ಮನೆಯಲ್ಲಿ ಪ್ಲೇಯರೇ ಇರಲಿಲ್ಲ. ನಾಲ್ಕು ತಿಂಗಳು ಆ ತಟ್ಟೆಯನ್ನು ಬರೀ ನೋಡಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳಲ್ಲಿ ಹಾಡಿನ ಜಾಡು ಕಾಣುತ್ತದೆ: ಸದ್ದು ಜೋರಾಗಿರುವ ಕಡೆ ಹೊಳಪು ಮುರಿದಿರುತ್ತದೆ, ಮೆತ್ತಗಿರುವ ಕಡೆ ಕನ್ನಡಿಯಂತೆ ಕಪ್ಪಗಿರುತ್ತದೆ. ಹಾಡನ್ನು ಕೇಳುವ ಮೊದಲೇ ಅದರ ಉಬ್ಬುತಗ್ಗು ನನ್ನ ಕಣ್ಣಿಗೆ ಗೊತ್ತಾಗಿತ್ತು.

ಆಮೇಲೆ ಎಸ್.ಪಿ. ರೋಡಿನ ಹಿಂದಿನ ಗಲ್ಲಿಯೊಂದರಲ್ಲಿ ಒಬ್ಬ ಹಿರಿಯರು ಸಿಕ್ಕರು. ರೇಡಿಯೊ, ಟೇಪ್‌ರೆಕಾರ್ಡರು, ಗ್ರಾಮಫೋನು ರಿಪೇರಿಯಲ್ಲೇ ತಲೆ ನರೆತವರು. ನಾಲ್ಕಡಿ ಅಗಲದ ಅಂಗಡಿ. ನಾನು ಅವರನ್ನು ಯಜಮಾನರೇ ಎಂದೇ ಕರೆಯುವುದು. ಅವರು ಜೋಡಿಸಿಕೊಟ್ಟ ಎಚ್‌ಎಂವಿ ಪೆಟ್ಟಿಗೆ ಪ್ಲೇಯರೇ ಇವತ್ತಿಗೂ ನನ್ನದು. ಮೊದಲ ದಿನವೇ ಒಂದು ಪಾಠ ಹೇಳಿದರು. "ತಟ್ಟೆ ಸರಿಯಾಗಿ ತಿರುಗ್ತಾ ಇದೆಯಾ ಅಂತ ನೋಡೋಕೆ ಮಿಷನ್ ಬೇಡಮ್ಮಾ. ಒಂದು ಚೂರು ಬಿಳಿ ಪೇಪರ್ ಅಂಚಿಗೆ ಇಟ್ಕೋ, ಗಡಿಯಾರ ಮುಂದೆ ಇಟ್ಕೋ. ಮೂರು ನಿಮಿಷಕ್ಕೆ ನೂರು ಸುತ್ತು ಬಂತಾ, ಸರಿ. ತೊಂಬತ್ತೆಂಟಾ, ರಬ್ಬರು ಸವೆದಿದೆ ಅಂತ ಲೆಕ್ಕ." ತಿಂಗಳಿಗೊಮ್ಮೆ ಇವತ್ತಿಗೂ ಹಾಗೇ ಎಣಿಸುತ್ತೇನೆ. ತಟ್ಟೆ ತೊಳೆಯುವುದನ್ನು ಕಲಿಸಿದವರೂ ಅವರೇ. ಹದವಾದ ತಣ್ಣೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು, ಹಳೇ ಪಂಚೆಯ ಮೆತ್ತನೆ ತುಂಡು, ಗೀರಿನ ದಾರಿಯಲ್ಲೇ ಸುತ್ತು ಒರೆಸಬೇಕು, ಅಡ್ಡ ಉಜ್ಜಬಾರದು, ನಡುವಿನ ಲೇಬಲ್ಲಿಗೆ ನೀರು ತಾಗಬಾರದು. ಭಾನುವಾರ ಮಧ್ಯಾಹ್ನಗಳೆಲ್ಲ ನನಗೆ ಹೀಗೆ ಕಳೆಯುತ್ತವೆ.

ಸೈಕೆಡೆಲಿಕ್ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಅಮಲು, ಗಾಂಜಾ, ಉದ್ದ ಕೂದಲು ಎಂದು ಜನ ತಿಳಿಯುತ್ತಾರೆ. ಆ ಪದವನ್ನು 1956ರಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಗ್ರೀಕ್ ಭಾಷೆಯ ಎರಡು ಪದ ಕೂಡಿಸಿ ಕಟ್ಟಿದರು. ಮನಸ್ಸನ್ನು ಕಾಣಿಸುವಂಥದ್ದು ಎಂಬುದು ಅದರ ತಿರುಳು. ಆ ಕಾಲದ ಸಂಗೀತಗಾರರಲ್ಲಿ ಅನೇಕರು ಅಮಲು ಸೇವಿಸಿದ್ದು ನಿಜ, ಅದು ಕೆಲವರನ್ನು ತಿಂದುಹಾಕಿದ್ದೂ ನಿಜ. ಪಿಂಕ್ ಫ್ಲಾಯ್ಡ್ ತಂಡದ ಮೊದಲ ಎಲ್‌ಪಿಯ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದ ಸಿಡ್ ಬ್ಯಾರೆಟ್, ಅದು ಬಂದ ಮರುವರ್ಷ, 1968ರಲ್ಲೇ, ತಂಡದಿಂದ ಹೊರಗಿದ್ದರು. ಅವರ ಗಿಟಾರ್ ಕೇಳುವಾಗ ನನಗೆ ಪ್ರತಿ ಸಲವೂ ದುಃಖವಾಗುತ್ತದೆ. ನಾನು ಅಮಲಿನ ತಂಟೆಗೆ ಹೋದವಳಲ್ಲ. ಈ ತಟ್ಟೆಗಳಲ್ಲಿ ನನಗೆ ಕೇಳಿಸುವುದೇ ಬೇರೆ. ನನಗೆ ಕೇಳಿಸುವುದು ಕೈಕೆಲಸ.

ಒಂದು ಉದಾಹರಣೆ ಬಿಡಿಸಿ ಹೇಳಬೇಕು. 1966ರ ಏಪ್ರಿಲ್ ತಿಂಗಳು, ಲಂಡನ್ನಿನ ಅಬೆ ರೋಡ್ ಸ್ಟುಡಿಯೊ. ಬೀಟಲ್ಸ್ ತಂಡ 'ಟುಮಾರೋ ನೆವರ್ ನೋಸ್' ಎಂಬ ಹಾಡಿನ ಮುದ್ರಣ ಶುರುಮಾಡಿತು. ದೂರದ ಬೆಟ್ಟದ ಮೇಲಿಂದ ದಲಾಯಿ ಲಾಮಾ ಮಂತ್ರ ಹೇಳಿದ ಹಾಗೆ ತನ್ನ ದನಿ ಕೇಳಬೇಕೆಂದು ಜಾನ್ ಲೆನನ್ ಕೇಳಿದರು. ಇಪ್ಪತ್ತೇ ವರ್ಷದ ಎಂಜಿನಿಯರ್ ಜೆಫ್ ಎಮೆರಿಕ್ ಆ ದನಿಯನ್ನು ಆರ್ಗನ್ ವಾದ್ಯಕ್ಕೆ ಜೋಡಿಸುವ, ಒಳಗೆ ಗಿರಗಿರ ತಿರುಗುವ ಸ್ಪೀಕರಿನ ಮೂಲಕ ಹಾಯಿಸಿದರು. ಪಾಲ್ ಮೆಕಾರ್ಟ್ನಿ ಮನೆಯಲ್ಲಿ ಟೇಪಿನ ತುಂಡುಗಳ ಮೇಲೆ ಸದ್ದಿನ ಮೇಲೆ ಸದ್ದು ತುಂಬಿಸಿ, ತುದಿಗೆ ತುದಿ ಅಂಟಿಸಿ ಬಳೆ ಮಾಡಿ ತಂದಿದ್ದರು. ಅಂಥ ಐದು ಬಳೆಗಳು ಒಂದೇ ಹೊತ್ತಿಗೆ ಬೇರೆ ಬೇರೆ ಯಂತ್ರಗಳಲ್ಲಿ ತಿರುಗಬೇಕು. ಯಂತ್ರಗಳು ಬೇರೆ ಬೇರೆ ಕೋಣೆಗಳಲ್ಲಿ. ಟೇಪು ಸಡಿಲಾದರೆ ಸದ್ದು ಕೆಡುತ್ತದೆ. ಸ್ಟುಡಿಯೊದ ಸಿಬ್ಬಂದಿ ಪೆನ್ಸಿಲ್ ಹಿಡಿದು, ಟೇಪಿನ ಬಳೆಯನ್ನು ಅದಕ್ಕೆ ಸಿಕ್ಕಿಸಿ, ಬಿಗಿಯಾಗಿ ಎಳೆದುಕೊಂಡು ನಿಂತರು. ಹಕ್ಕಿ ಕೂಗಿದ ಹಾಗೆ, ಆಕಾಶ ಹರಿದ ಹಾಗೆ ಅದರಲ್ಲಿ ಬರುವ ಸದ್ದೆಲ್ಲ ಆ ಪೆನ್ಸಿಲ್ಲುಗಳ ಮೇಲೆ ನಿಂತಿದೆ. ಆ ಹಾಡು ಕೇಳುವಾಗ ನನ್ನ ಕಣ್ಣಿಗೆ ಕಟ್ಟುವುದು ಪೆನ್ಸಿಲ್ ಹಿಡಿದು ಕೈ ನೋಯುತ್ತಾ ನಿಂತ ಆ ಜನ. ಅವರು ಮಾಡಿದ್ದೂ ಪರ್ಫಾರ್ಮೆನ್ಸೇ.

ಅವ್ವ ಊರಿಂದ ಬಂದಿದ್ದಾಗ ಈ ಹಾಡು ಹಾಕಿದ್ದೆ. ಸೊಪ್ಪು ಬಿಡಿಸುತ್ತಾ ಕೂತಿದ್ದವಳು ಕೈ ನಿಲ್ಲಿಸಿ ಕೇಳಿದಳು. ನಮ್ಮವ್ವ ಹುಣ್ಣಿಮೆಯ ಭಜನೆಯಲ್ಲಿ ರಾತ್ರಿಯಿಡೀ ತತ್ವಪದ ಹಾಡುವವಳು. "ಇದು ತಂಬೂರಿ ಅಲ್ಲೇನೇ? ಒಂದೇ ಸುರಾ ಹಿಡ್ಕಂಡು ಹೊಂಟೈತಲ್ಲ. ಮ್ಯಾಲೆ ಏನೇನೋ ಕೂಗಾಡಿದ್ರೂ ಕೆಳಗಿಂದು ಕದಲಾಕಿಲ್ಲ" ಅಂದಳು. ಅವಳು ಹೇಳಿದ್ದು ಸರಿ. ಆ ಹಾಡಿನಲ್ಲಿ ತಂಬೂರಿ ಇದೆ, ಮತ್ತು ಹಾಡಿನುದ್ದಕ್ಕೂ ತಳದ ಸ್ವರ ಒಂದೇ. ಲಂಡನ್ನಿನ ವಿಮರ್ಶಕರು ಪುಟಗಟ್ಟಲೆ ಬರೆದದ್ದನ್ನು ಅವ್ವ ದಂಟಿನ ಸೊಪ್ಪು ಮುರಿಯುತ್ತಾ ಒಂದೇ ಮಾತಿಗೆ ಹಿಡಿದಿದ್ದಳು.

ಆ ಕಾಲದ ತಟ್ಟೆಗಳಲ್ಲಿ ಹೀಗೆ ಮನೆಬಳಕೆಯ ವಸ್ತುಗಳು ಎಲ್ಲೆಲ್ಲೂ ಸಿಗುತ್ತವೆ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ನಿನಲ್ಲಿ 'ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್' ಎಂಬ ತಂಡವಿತ್ತು. 1966ರ ಅವರ ಮೊದಲ ಎಲ್‌ಪಿಯಲ್ಲಿ ಟಾಮಿ ಹಾಲ್ ಒಂದು ಹೂಜಿಯ ಬಾಯಿಗೆ ಬಾಯಿಟ್ಟು, ಮೈಕು ಹತ್ತಿರ ಹಿಡಿದು, ಗಂಟಲಿಂದ ಗುಳುಗುಳು ಸದ್ದು ಹೊರಡಿಸುತ್ತಾರೆ. ಇಡೀ ತಂಡದ ಗುರುತೇ ಆ ಹೂಜಿ. ಬ್ರೆಜಿಲ್ಲಿನ ಸಾವೊ ಪಾಲೊದ 'ಓಸ್ ಮುಟಾಂಟೆಸ್' ತಂಡದವರು 1968ರಲ್ಲಿ ತಮ್ಮ ಮೊದಲ ತಟ್ಟೆಯ ಒಂದು ಹಾಡಿಗೆ ತಾಳದ ಬದಲು ಸೊಳ್ಳೆ ಔಷಧಿ ಹೊಡೆಯುವ ಪಂಪನ್ನು ಬಳಸಿದರು. ನಮ್ಮ ಮನೆಗಳಲ್ಲೂ ಒಂದು ಕಾಲಕ್ಕೆ ಮಂಚದ ಕೆಳಗೆ ಇರುತ್ತಿದ್ದ ಆ ಫ್ಲಿಟ್ ಪಂಪು. ಚುಸ್ಸ್ ಚುಸ್ಸ್ ಎಂದು ಅದು ಹಾಡಿನ ಬೆನ್ನಿಗೆ ಉಸಿರಾಡುತ್ತದೆ. ಮೊದಲ ಸಲ ಕೇಳಿದಾಗ ನಾನು ಮುಳ್ಳು ಎತ್ತಿ ಮತ್ತೆ ಇಟ್ಟು ನಾಲ್ಕು ಸಲ ಕೇಳಿದೆ.

ಬ್ರೆಜಿಲ್ ನನಗೆ ಬಹಳ ಮುಖ್ಯ. ನನ್ನ ಕಸುಬೂ ನನ್ನ ಹುಚ್ಚೂ ಅಲ್ಲಿ ಒಂದೇ ಬಳ್ಳಿಯಲ್ಲಿ ಹೂ ಬಿಟ್ಟವು. ಹೆಲಿಯೊ ಒಯ್ಟಿಸಿಕಾ ಎಂಬ ಕಲಾವಿದರು ಬಟ್ಟೆ, ಗೋಣಿ, ಪ್ಲಾಸ್ಟಿಕ್ ಹಾಳೆಗಳಿಂದ ಹೊದಿಕೆಗಳನ್ನು ಹೊಲಿಯುತ್ತಿದ್ದರು. ಗೋಡೆಗೆ ತೂಗುಹಾಕಿ ನೋಡಲು ಅಲ್ಲ, ಹೊದ್ದು ಕುಣಿಯಲು. 1965ರಲ್ಲಿ ರಿಯೊ ನಗರದ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನಕ್ಕೆ ಮಾಂಗೈರಾ ಎಂಬ ಬಡವರ ಗುಡ್ಡದಿಂದ ಸಾಂಬಾ ಕುಣಿತದವರನ್ನು ಆ ಹೊದಿಕೆ ಹೊದಿಸಿ ಕರೆತಂದರು. ಅವರನ್ನು ಒಳಗೆ ಬಿಡಲಿಲ್ಲ. ಅವರು ಹೊರಗಿನ ತೋಟದಲ್ಲೇ ಕುಣಿದರು. ಎರಡು ವರ್ಷದ ಮೇಲೆ ಅದೇ ಕಲಾವಿದರು ಕಟ್ಟಿದ 'ಟ್ರಾಪಿಕಾಲಿಯಾ' ಎಂಬ ಕೃತಿಯ ಹೆಸರು ಕೈಟಾನೊ ವೆಲೋಸೊ ಅವರ ಹಾಡಿಗೆ ಬಂತು, ಹಾಡಿನಿಂದ ಇಡೀ ಚಳವಳಿಗೆ ಬಂತು. ಅಲ್ಲಿದ್ದದ್ದು ಸೇನಾ ಆಡಳಿತ. 1968ರ ಡಿಸೆಂಬರಿನಲ್ಲಿ ವೆಲೋಸೊ ಮತ್ತು ಅವರ ಜೊತೆಯ ಹಾಡುಗಾರ ಜಿಲ್ಬರ್ಟೊ ಜಿಲ್ ಇಬ್ಬರನ್ನೂ ಹಿಡಿದು ಒಳಗೆ ಹಾಕಿದರು, ಮರುವರ್ಷ ದೇಶ ಬಿಡಿಸಿ ಲಂಡನ್ನಿಗೆ ಕಳಿಸಿದರು. ಬಣ್ಣ ಬಣ್ಣದ ಬಟ್ಟೆಯ, ಸೊಳ್ಳೆ ಪಂಪಿನ ಹಾಡುಗಳಿಗೆ ಸೇನೆ ಹೆದರಿತು ಎಂಬುದನ್ನು ಮರೆಯಬಾರದು. ಇದು ಹುಡುಗಾಟದ ಸಂಗೀತ ಎನ್ನುವವರಿಗೆ ನಾನು ಕೊಡುವ ಉತ್ತರ ಇದೇ.

ಈಗ ನಮ್ಮವರೇ ಒಬ್ಬರ ಸುದ್ದಿ. ಆಯನ ದೇವ ಅಂಗಡಿ. 1903ರಲ್ಲಿ ಕನ್ನಡನಾಡಿನ ಜಕನೂರಿನಲ್ಲಿ ಹುಟ್ಟಿ, 1924ರಲ್ಲಿ ಲಂಡನ್ನಿಗೆ ಹೋಗಿ ಅಲ್ಲೇ ನಿಂತವರು. ಐಸಿಎಸ್ ಪರೀಕ್ಷೆಗೆಂದು ಹೋದವರು ಎಡಪಂಥದ ರಾಜಕೀಯಕ್ಕೆ, ಬರವಣಿಗೆಗೆ, ಕೊನೆಗೆ ಸಂಗೀತಕ್ಕೆ ಬಂದರು. ಹೆಂಡತಿ ಪೆಟ್ರೀಷಿಯಾ ಚಿತ್ರಕಲಾವಿದೆ. ಗಂಡಹೆಂಡತಿ ಸೇರಿ 1946ರಲ್ಲಿ 'ಏಷ್ಯನ್ ಮ್ಯೂಸಿಕ್ ಸರ್ಕಲ್' ಕಟ್ಟಿದರು. ಪಿಟೀಲು ವಾದಕ ಯೆಹೂದಿ ಮೆನೂಹಿನ್ ಅದರ ಅಧ್ಯಕ್ಷರಾಗಿದ್ದರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಲಂಡನ್ನಿನಲ್ಲಿ ಯೋಗ ಕಲಿಸುವಾಗಲೂ ಈ ಸಂಸ್ಥೆ ಬೆನ್ನಿಗಿತ್ತು. ಉತ್ತರ ಲಂಡನ್ನಿನ ಫಿಂಚ್ಲಿಯಲ್ಲಿದ್ದ ಅಂಗಡಿಯವರ ಮನೆ ನಮ್ಮ ದೇಶದ ಕಲಾವಿದರಿಗೆ ತವರುಮನೆಯಂತಿತ್ತು.

1965ರ ಅಕ್ಟೋಬರಿನಲ್ಲಿ ಬೀಟಲ್ಸ್ 'ನಾರ್ವೇಜಿಯನ್ ವುಡ್' ಹಾಡನ್ನು ಮುದ್ರಿಸುತ್ತಿದ್ದಾಗ ಜಾರ್ಜ್ ಹ್ಯಾರಿಸನ್ ಅವರ ಸಿತಾರಿನ ತಂತಿ ಹರಿಯಿತು. ಬದಲಿ ತಂತಿ ಎಲ್ಲಿ ಸಿಗುತ್ತದೆ ಎಂಬುದು ಸ್ಟುಡಿಯೊದಲ್ಲಿ ಯಾರಿಗೂ ಗೊತ್ತಿಲ್ಲ. ಭಾರತದ ಹೈಕಮಿಷನ್‌ಗೆ ಫೋನು ಮಾಡಿದರು. ಅವರು ಅಂಗಡಿಯವರನ್ನು ತೋರಿಸಿದರು. ಅಂಗಡಿಯವರ ಮನೆಯಲ್ಲಿ ತಂತಿ ಇತ್ತು. ಸಂಸಾರ ಸಮೇತ ಅದನ್ನು ಹಿಡಿದುಕೊಂಡು ಸ್ಟುಡಿಯೊಗೆ ಹೋದರು. ಹ್ಯಾರಿಸನ್ ಆ ಮನೆಗೆ ಬಂದುಹೋಗುವವರಾದರು, ಮರುವರ್ಷ ರವಿಶಂಕರರನ್ನು ಕಂಡದ್ದೂ ಅದೇ ಮನೆಯಲ್ಲಿ. ಲಂಡನ್ನಿನಲ್ಲಿ ಮುದ್ರಿಸಿದ ಬೀಟಲ್ಸ್‌ನ ಭಾರತೀಯ ಹಾಡುಗಳಿಗೆ ವಾದ್ಯ ನುಡಿಸಿದವರೂ ಅಂಗಡಿಯವರ ಬಳಗದ ಮೂಲಕವೇ ಬಂದರು. 'ಲವ್ ಯು ಟು' ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಅವರ ಹೆಸರು ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾಯಿತು. 1967ರ 'ಸಾರ್ಜೆಂಟ್ ಪೆಪ್ಪರ್' ತಟ್ಟೆಯ 'ವಿದಿನ್ ಯು ವಿದೌಟ್ ಯು' ಹಾಡಿಗೆ ದಿಲ್‌ರುಬಾ, ತಂಬೂರಿ, ತಬಲಾ ನುಡಿಸಿದವರ ಹೆಸರು ಹೊದಿಕೆಯ ಮೇಲೆ ಬರಲೇ ಇಲ್ಲ. ಹೊದಿಕೆಯ ಚಿತ್ರದಲ್ಲಿ ಅಷ್ಟು ಜನ ಪ್ರಸಿದ್ಧರ ಮುಖಗಳಿದ್ದೂ ಒಳಗೆ ನುಡಿಸಿದ ಕೈಗಳಿಗೆ ಒಂದು ಸಾಲು ಸಿಗಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ಸಂಗತಿ. ಲಂಡನ್ನಿಗೆ ಹೋದ ಒಂದು ತಂತಿಯ ಕಥೆಯನ್ನು ಇಂಗ್ಲಿಷಿನಲ್ಲಿ ಹಲವರು ಬರೆದಿದ್ದಾರೆ. ಜಕನೂರಿನ ಅಂಗಡಿಯವರ ಬದುಕನ್ನು ಕನ್ನಡದಲ್ಲಿ ಯಾರಾದರೂ ವಿಸ್ತಾರವಾಗಿ ಬರೆಯಬೇಕು.

ನಮ್ಮ ದೇಶದಲ್ಲೇ ಆದ ಕೆಲಸವೂ ಕಡಿಮೆಯದಲ್ಲ. ನೃತ್ಯಗಾರ ಉದಯಶಂಕರರ ಮಗ ಆನಂದ ಶಂಕರ್ 1970ರಲ್ಲಿ ಸಿತಾರನ್ನೂ ಮೂಗ್ ಸಿಂಥಸೈಸರನ್ನೂ ಒಂದೇ ತಟ್ಟೆಯಲ್ಲಿ ಕೂರಿಸಿದರು. ಇಂಪೀರಿಯಲ್ ಟೊಬ್ಯಾಕೊ ಕಂಪನಿ ತನ್ನ ಸಿಮ್ಲಾ ಸಿಗರೇಟಿನ ಹೆಸರಿನಲ್ಲಿ ಬ್ಯಾಂಡುಗಳ ಸ್ಪರ್ಧೆ ನಡೆಸುತ್ತಿತ್ತು. ಅದರಿಂದ 1970 ಮತ್ತು 71ರಲ್ಲಿ ಎರಡು ಎಲ್‌ಪಿ ಬಂದವು. ದೇಶದ ಊರೂರಿನ ಕಾಲೇಜು ಹುಡುಗರ ತಂಡಗಳು ಅದರಲ್ಲಿವೆ. ಸಿಗರೇಟು ಮಾರುವುದಕ್ಕೆ ಹುಟ್ಟಿದ ತಟ್ಟೆಯಲ್ಲಿ ಅಷ್ಟು ಚೊಕ್ಕ ಸಂಗೀತ ಉಳಿದುಕೊಂಡಿತು. ಮೂಲ ತಟ್ಟೆ ನನ್ನ ಕೈಗೆ ಸಿಕ್ಕಿಲ್ಲ, ಮರುಮುದ್ರಣದಲ್ಲಿ ಕೇಳಿದ್ದೇನೆ.

ತಟ್ಟೆಯ ಒಳಗಿನ ಒಂದು ಗುಟ್ಟು ಹೇಳುತ್ತೇನೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಒಂದು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾಯುತ್ತದೆ. ಕೊನೆಯ ಹಾಡಿಗೆ ಬರುವಾಗ ಸುತ್ತು ಚಿಕ್ಕದಾಗಿ ಅದೇ ಸೆಕೆಂಡಿಗೆ 20 ಚಿಲ್ಲರೆ ಸೆಂಟಿಮೀಟರ್ ಮಾತ್ರ. ಹೊತ್ತು ಅಷ್ಟೇ, ದಾರಿ ಅರ್ಧಕ್ಕೂ ಕಡಿಮೆ. ಅದೇ ಸಂಗೀತ ಇಕ್ಕಟ್ಟಿನಲ್ಲಿ ನಡೆಯಬೇಕು. ಹಾಗಾಗಿ ಒಳಗಿನ ಸುತ್ತುಗಳಿಗೆ ಮೆತ್ತನೆಯ ಹಾಡು ಇಡುವುದು ಎಷ್ಟೋ ಜನರ ರೂಢಿ. ಬೀಟಲ್ಸ್ ಆ ಪೆನ್ಸಿಲ್ಲಿನ ಹಾಡನ್ನು 'ರಿವಾಲ್ವರ್' ಎಲ್‌ಪಿಯ ಕೊಟ್ಟಕೊನೆಗೆ, ಅತಿ ಇಕ್ಕಟ್ಟಿನ ಜಾಗಕ್ಕೆ ಇಟ್ಟರು. ಎಲ್ಲಕ್ಕಿಂತ ಮೊದಲು ಮುದ್ರಿಸಿದ್ದು, ಎಲ್ಲಕ್ಕಿಂತ ಕೊನೆಗೆ ಇಟ್ಟದ್ದು. ನನಗೆ ಈಗ ನಲವತ್ತೊಂದು. ಮೊಣಕಾಲು ಮೊದಲಿನ ಹಾಗೆ ಬಾಗುವುದಿಲ್ಲ. ಚಿಕ್ಕ ದಾರಿಯಲ್ಲಿ ದೊಡ್ಡ ಕೆಲಸ ಮಾಡುವುದನ್ನು ನಾನು ಆ ತಟ್ಟೆಯಿಂದಲೇ ಕಲಿಯುತ್ತಿದ್ದೇನೆ.

ನನ್ನ ಕೃತಿಗಳಲ್ಲಿ ಎರಡನ್ನು ಹೇಳಿ ಮುಗಿಸುತ್ತೇನೆ. ಒಂದರಲ್ಲಿ ಬೀಸೋಕಲ್ಲನ್ನೂ ಪ್ಲೇಯರನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರುತ್ತೇನೆ. ಎರಡೂ ದುಂಡು, ಎರಡೂ ತಿರುಗುವಂಥವು, ಎರಡರ ಸುತ್ತಿಗೂ ಹಾಡು ಅಂಟಿಕೊಂಡೇ ಬಂದಿದೆ. ಒಂದು ಮಗ್ಗುಲು ಮುಗಿಯುವ ತನಕ ರಾಗಿ ಬೀಸುತ್ತೇನೆ. ಅವ್ವ ಮೊದಲ ಸಲ ನೋಡಲು ಬಂದಾಗ ಎಲ್ಲರ ಎದುರಿಗೇ ಎದ್ದು ಬಂದು, "ಗೂಟ ಹಂಗೆ ಹಿಡಕೊಂಡ್ರೆ ಅಂಗೈ ಬೊಬ್ಬೆ ಏಳ್ತಾವ ಕಣವ್ವಾ" ಎಂದು ನನ್ನ ಬೆರಳು ಬಿಡಿಸಿ ಹಿಡಿತ ಸರಿಮಾಡಿ ಹೋಗಿ ಕೂತಳು. ಅಂದಿನಿಂದ ಆ ಕೃತಿಯ ಹಿಡಿತ ಅವಳದ್ದೇ.

ಇನ್ನೊಂದರ ಹೆಸರು 'ಕೊನೆಯ ಸುತ್ತು'. ತಟ್ಟೆಯ ಹಾಡೆಲ್ಲ ಮುಗಿದ ಮೇಲೆ ಮುಳ್ಳು ಒಂದು ಮುಚ್ಚಿದ ಗೀರಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ದಾರಿಯಿಲ್ಲ. ಸುತ್ತಿದ ಕಡೆಯೇ ಸುತ್ತಿ, ಸುತ್ತಿಗೊಮ್ಮೆ ಟಕ್ ಎನ್ನುತ್ತಿರುತ್ತದೆ. ಬೀಟಲ್ಸ್ 1967ರ 'ಸಾರ್ಜೆಂಟ್ ಪೆಪ್ಪರ್' ತಟ್ಟೆಯನ್ನು ಬ್ರಿಟನ್ನಿನಲ್ಲಿ ಮೊದಲು ಅಚ್ಚು ಹಾಕಿಸುವಾಗ ಆ ಮುಚ್ಚಿದ ಗೀರಿನೊಳಗೂ ಸದ್ದು ತುಂಬಿಸಿದ್ದರು, ಯಾರಾದರೂ ಎದ್ದು ಬಂದು ಎತ್ತುವ ತನಕ ಅದು ಮುಗಿಯದು. ಅದರಿಂದ ನನಗೆ ಈ ಯೋಚನೆ ಬಂತು. ಒಂದು ಸುತ್ತಿಗೆ 1.8 ಸೆಕೆಂಡು. ಒಂದು ಟಕ್‌ಗೆ ಒಂದು ಹೆಜ್ಜೆ. ಪ್ಲೇಯರಿನ ಸುತ್ತ ನಾನು ನಡೆಯುತ್ತಿರುತ್ತೇನೆ, ನೋಡುವವರಲ್ಲಿ ಯಾರಾದರೂ ಬಂದು ಮುಳ್ಳು ಎತ್ತಿದರೆ ಕೃತಿ ಮುಗಿಯಿತು. ಆದರೆ ಅದನ್ನು ನಾನು ಮೊದಲೇ ಹೇಳುವುದಿಲ್ಲ.

ಮೊದಲ ಪ್ರದರ್ಶನಕ್ಕೆ ಮೂವತ್ತು ಜನ ಇದ್ದರು. ರಿಪೇರಿಯ ಯಜಮಾನರನ್ನೂ ಕರೆದಿದ್ದೆ. ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಹತ್ತು ನಿಮಿಷ ಕಳೆಯಿತು. ಹದಿನೈದು. ಜನ ಸದ್ದಿಲ್ಲದೆ ನೋಡುತ್ತಿದ್ದರು. ಕಲಾಕೃತಿಯನ್ನು ಮುಟ್ಟಬಾರದು ಎಂಬ ಮರ್ಯಾದೆ ಎಲ್ಲರಿಗೂ. ಇಪ್ಪತ್ತಕ್ಕೆ ನನ್ನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಟಕ್, ಹೆಜ್ಜೆ. ಟಕ್, ಹೆಜ್ಜೆ. ಇಪ್ಪತ್ತೇಳನೆಯ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಯಜಮಾನರು ನೇರ ಬಂದು, ಬಗ್ಗಿ, ತೋರುಬೆರಳಿನಿಂದ ಮುಳ್ಳಿನ ತೋಳನ್ನು ಮೆಲ್ಲಗೆ ಎತ್ತಿ ಅದರ ಕೊಕ್ಕೆಗೆ ಕೂರಿಸಿದರು. ತುದಿಯ ಧೂಳನ್ನು ಉಫ್ ಎಂದು ಊದಿದರು. ಆಮೇಲೆ ನನ್ನ ಕಡೆ ತಿರುಗಿ, ಬೇಜಾರಿನಿಂದ, "ಸುಮ್ನೆ ಓಡ್ತಾ ಇದ್ರೆ ಮುಳ್ಳು ಸವೆಯುತ್ತೆ ಕಣಮ್ಮಾ" ಅಂದರು.

ಇಪ್ಪತ್ತೇಳು ನಿಮಿಷಕ್ಕೆ ಒಂಬೈನೂರು ಹೆಜ್ಜೆ. ಆ ಮೂವತ್ತು ಜನರಲ್ಲಿ ಕಲೆ ಬಲ್ಲವರು ಬಹಳ ಮಂದಿ ಇದ್ದರು. ಮುಳ್ಳಿನ ನೋವು ಬಲ್ಲವರು ಅವರೊಬ್ಬರೇ. ಆ ಕೃತಿಯನ್ನು ಆಮೇಲೆ ನಾಲ್ಕು ಊರುಗಳಲ್ಲಿ ಮಾಡಿದ್ದೇನೆ. ಅಷ್ಟು ಸರಿಯಾಗಿ ಅದು ಮತ್ತೆಲ್ಲೂ ಮುಗಿದಿಲ್ಲ.

ಕೇಳುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಟ್ರಂಕಿನಲ್ಲಿ, ಹಳೇ ತಟ್ಟೆಗಳಿದ್ದರೆ ಗುಜರಿಗೆ ತೂಕಕ್ಕೆ ಹಾಕಬೇಡಿ. ರಾಜನ್-ನಾಗೇಂದ್ರ ಇರಲಿ, ಹರಿಕಥೆ ಇರಲಿ, ಯಾವುದೋ ದೇಶದ ಹೆಸರು ಗೊತ್ತಿಲ್ಲದ ಹುಡುಗರು ಹೂಜಿ ಊದಿದ್ದೇ ಇರಲಿ, ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಿ. ಹೊದಿಕೆಯ ಮೇಲೆ ನುಡಿಸಿದವರ ಹೆಸರಿದ್ದರೆ ಓದಿ, ಇಲ್ಲದಿದ್ದರೆ ಹುಡುಕಿ. ಪ್ಲೇಯರ್ ಸಿಕ್ಕರೆ ಒಂದು ಮಗ್ಗುಲು ಪೂರ್ತಿ, ಬೇರೆ ಕೆಲಸ ಬಿಟ್ಟು, ಕೂತು ಕೇಳಿ. ಕೊನೆಯ ಹಾಡು ಮುಗಿದು ಟಕ್ ಟಕ್ ಶುರುವಾದಾಗ, ದಯವಿಟ್ಟು ಯಾರಾದರೂ ಒಬ್ಬರು ಎದ್ದು ಹೋಗಿ ಮುಳ್ಳು ಎತ್ತಿ.